ಮೂರನೆಯ ಪ್ಲೇಟು

ತಪ್ಪು ಮೂರನೆಯದರಲ್ಲೇ ಇದ್ದರೆ? ಒಂದನೆಯದೂ ಎರಡನೆಯದೂ ಇಷ್ಟು ಅಂದವಾಗಿ ಒಂದರ ಮೇಲೊಂದು ಕೂರುತ್ತಿರುವಾಗ ತಕರಾರು ತೆಗೆದದ್ದು ಇದೊಂದೇ ಅಲ್ಲವೇ? ಇಬ್ಬರು ಒಪ್ಪಿಕೊಂಡ ಮಾತನ್ನು ಮೂರನೆಯವನು ಬಂದು ಅಲ್ಲಗಳೆದರೆ ಯಾರನ್ನು ನಂಬಬೇಕು?

ಬೆಂಗ್‌ಹುಯಿ ನೀಲಿ ಹತ್ತಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಬಾಗಿ ನೋಡಿದ. ನೋಡುವ ಅಗತ್ಯವೇನೂ ಇರಲಿಲ್ಲ. ಉತ್ತರ ಅವನಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾದದ್ದನ್ನು ಒಪ್ಪಿಕೊಳ್ಳುವ ಮೊದಲು ಮನಸ್ಸು ಹೀಗೆ ಒಂದು ಸುತ್ತು ಹಾಕಿ ಬರುತ್ತದೆ.

ಯಂತ್ರದ ಭಾಗಗಳು ಸಮತಟ್ಟಾಗಿವೆಯೇ ಎಂದು ಉಜ್ಜಿ ನೋಡಲು ಬೀಡುಕಬ್ಬಿಣದ ಮೂರು ಪ್ಲೇಟುಗಳು. ಒಂದೊಂದೂ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಕೆಡವಿದ ಮನೆಯೊಂದರ ಬಾಗಿಲಿನ ಮರದಲ್ಲಿ ಅಚ್ಚನ್ನು ಅವನೇ ಮಾಡಿದ್ದ. ಎರಕ ಹೊಯ್ಯಿಸಿ ತಂದ ಮೇಲೆ, ಕಬ್ಬಿಣದ ಒಳಗಿನ ಬಿಗಿ ಸಡಿಲವಾಗಲೆಂದು ಒಂದು ಮಳೆಗಾಲ ಪೂರ್ತಿ ಕೋಳಿಗೂಡಿನ ಹಿಂದೆ ನೆನೆಯಲು ಬಿಟ್ಟಿದ್ದ. ಆಮೇಲೆ ಹೆರೆಯುವ ಕೆಲಸ. ಒಂದರ ಮೈಗೆ ತೆಳ್ಳಗೆ ನೀಲಿ ಬಣ್ಣ ಬಳಿಯುವುದು, ಇನ್ನೊಂದನ್ನು ಅದರ ಮೇಲೆ ಉಜ್ಜುವುದು, ನೀಲಿ ಹತ್ತಿದ ಕಡೆಯೆಲ್ಲ ಉಬ್ಬಿದೆ ಎಂದು ತಿಳಿದು ಅಲ್ಲಲ್ಲೇ ಉಳಿಯಿಂದ ಹೆರೆಯುವುದು. ಮತ್ತೆ ಬಳಿಯುವುದು, ಉಜ್ಜುವುದು, ಹೆರೆಯುವುದು. ಉಳಿಯನ್ನು ಸೊಂಟದ ಮೂಳೆಗೆ ಒತ್ತಿ ಹಿಡಿದು ಮೈಯ ಭಾರದಿಂದ ತಳ್ಳಬೇಕು. ಬೆಂಗ್‌ಹುಯಿಯ ಬಲ ಸೊಂಟದ ಮೇಲೆ ಅಂಗೈಯಷ್ಟಗಲದ ಕಂದು ಕಲೆ ಬಿದ್ದಿತ್ತು.

ಒಂದು, ಎರಡನ್ನು ಪರಸ್ಪರ ಕೂರಿಸಿದ. ನಂತರ ಮೂರನ್ನು ಒಂದಕ್ಕೆ ಕೂರಿಸಿದ. ಇವತ್ತು ಬೆಳಿಗ್ಗೆ ಮೂರನ್ನು ಎರಡರ ಮೇಲಿಟ್ಟು ಉಜ್ಜಿದಾಗ ನೀಲಿ ನಾಲ್ಕು ಮೂಲೆಗೆ ಮಾತ್ರ ಹತ್ತಿತು. ನಡುವೆ ಒಂದು ಚುಕ್ಕೆಯೂ ಇಲ್ಲ. ಅಂದರೆ ಎರಡೂ ಮೂರೂ ಹೊಟ್ಟೆ ಒಳಗೆ ಎಳೆದುಕೊಂಡಿವೆ. ಒಂದು ಉಬ್ಬಿಕೊಂಡಿದೆ. ಉಬ್ಬೂ ತಗ್ಗೂ ಬೋಗುಣಿಯೊಳಗೆ ಬೋಗುಣಿ ಇಟ್ಟ ಹಾಗೆ ಕೂತಿದ್ದವು, ಅಷ್ಟೇ. ಒಂದು ಕೂದಲಿನ ಅರ್ಧ ದಪ್ಪದಷ್ಟು ಸುಳ್ಳು. ಇನ್ನು ಮೂರನ್ನೂ ಸರದಿಯಲ್ಲಿ ಉಜ್ಜಿ ಹೆರೆಯುತ್ತ ಹೋದರೆ ಎರಡು ತಿಂಗಳಲ್ಲಿ ಸುಳ್ಳು ತಾನಾಗಿ ಕರಗುತ್ತದೆ. ಯಾವ ದೇಶದ ಯಂತ್ರವೂ ಬೇಡ, ಅಳತೆಗೋಲೂ ಬೇಡ. ಮೂರಕ್ಕೆ ಮೂರೂ ಒಂದನ್ನೊಂದು ಒಪ್ಪಿದರೆ ಸಮತಟ್ಟಾಗದೆ ಬೇರೆ ದಾರಿಯಿಲ್ಲ.

"ರೀ," ಹೆಂಡತಿ ಚುನ್‌ತೋ ಶೆಡ್ಡಿನ ಬಾಗಿಲಿಗೆ ಬಂದಳು. ದನಿ ತಗ್ಗಿಸಿದ್ದಳು. "ಬಂದಿದಾರೆ."

"ಯಾರು?"

"ನಿಮ್ಮ ಕೋಳಿ ಯಜಮಾನ್ರು."

ಬೆಂಗ್‌ಹುಯಿ ನೀಲಿಯ ಡಬ್ಬಿಗೆ ಮುಚ್ಚಳ ಹಾಕಿದ.

ಲಿಯಾವ್ ಯಜಮಾನರ ಕಾರ್ಖಾನೆಯಲ್ಲಿ ಅವನು ಹನ್ನೊಂದು ವರ್ಷ ದುಡಿದಿದ್ದ. ಫೆಂಗ್‌ಯುವಾನ್ ಊರಿನಲ್ಲಿ ಆ ಕಾಲಕ್ಕೆ ಮೂರು ಮನೆಗೊಂದು ವರ್ಕ್‌ಶಾಪು. ಕೈಗೆ ಗ್ರೀಸು ಹತ್ತಿದ ಪ್ರತಿಯೊಬ್ಬನಿಗೂ ತಾನೂ ಒಂದು ದಿನ ಮಾಲೀಕನಾಗುವ ಕನಸು. ಬೆಂಗ್‌ಹುಯಿಯ ಕನಸು ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿತ್ತು. ದಿನಕ್ಕೊಂದು ಹರಿಯುವ ತೆಳು ಹಾಳೆ. ಮುಂದೆ ದಪ್ಪ ಅಂಕಿ, ಅದರ ಕೆಳಗೆ ಆ ದಿನ ಒಲೆ ಹೂಡಬಹುದೇ, ಮಂಚ ಸರಿಸಬಹುದೇ ಎಂಬ ಸೂಚನೆ. ಹಿಂದೆ ಖಾಲಿ. ಊಟದ ಬಿಡುವಿನಲ್ಲಿ ಆ ಖಾಲಿಯ ಮೇಲೆ ಒಂದು ಪುಟ್ಟ ಲೇತಿನ, ಕಬ್ಬಿಣದ ಸರಳು ತಿರುಗಿಸಿ ಕಡೆಯುವ ಯಂತ್ರದ, ನಕ್ಷೆಯನ್ನು ಅವನು ಮೂರು ವರ್ಷ ಬರೆದ. ಕಡೆಯುವ ಅಲಗನ್ನು ಹಿಡಿದು ಜಾರುವ ಅಡ್ಡ ಸ್ಲೈಡಿನ ಕೆಳಗೆ ಆಸರೆಗೆ ಎರಡು ಪಕ್ಕೆಲುಬು ಓರೆಯಾಗಿ ಕೊಟ್ಟರೆ ಅರ್ಧ ತೂಕದಲ್ಲಿ ಅಷ್ಟೇ ಗಟ್ಟಿತನ ಬರುತ್ತದೆಂದು ಲೆಕ್ಕ ಹಾಕಿದ್ದ. ನೂರ ಹದಿನಾಲ್ಕು ಹಾಳೆಗಳನ್ನು ದಾರದಲ್ಲಿ ಕಟ್ಟಿ ಯಜಮಾನರ ಮುಂದೆ ಇಟ್ಟು, "ಸ್ವಲ್ಪ ನೋಡಿ ಹೇಳ್ತೀರಾ?" ಎಂದಿದ್ದ. ಯಜಮಾನರು ಅದನ್ನು ಮೇಜಿನ ಖಾನೆಯಲ್ಲಿ ಹಾಕಿದರು. ನೋಡಿ ಹೇಳಲಿಲ್ಲ.

ಅದೇ ವರ್ಷದ ಕೊನೆಯ ಔತಣದಲ್ಲಿ ಕೋಳಿ ಬಂತು.

ವರ್ಷ ಮುಗಿಯುವ ಮುಂಚೆ ಮಾಲೀಕರು ಕೆಲಸಗಾರರಿಗೆಲ್ಲ ಊಟ ಹಾಕುತ್ತಾರೆ. ಬೇಯಿಸಿದ ಇಡೀ ಕೋಳಿಯನ್ನು ತಟ್ಟೆಯಲ್ಲಿಟ್ಟಾಗ ಅದರ ತಲೆ ಯಾರ ಕಡೆ ತಿರುಗಿರುತ್ತದೋ ಅವನಿಗೆ ಹೊಸ ವರ್ಷದಿಂದ ಕೆಲಸವಿಲ್ಲ. ಬಾಯಿಬಿಟ್ಟು ಹೇಳುವ ಕಷ್ಟ ಯಾರಿಗೂ ಬೇಡ. ಬಹಳ ಮಾಲೀಕರು ಈಗೀಗ ತಲೆಯನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾರೆ, ಇಲ್ಲವೇ ರೆಕ್ಕೆಯ ಕೆಳಗೆ ಸಿಕ್ಕಿಸಿಬಿಡುತ್ತಾರೆ. ಲಿಯಾವ್ ಯಜಮಾನರು ತಟ್ಟೆಯನ್ನು ತಾವೇ ಎರಡೂ ಕೈಯಿಂದ ಇಟ್ಟು, ಬೆರಳ ತುದಿಯಿಂದ ಒಂದಿಷ್ಟು ಸರಿಸಿದರು. ಕೊಕ್ಕು ಬೆಂಗ್‌ಹುಯಿಯ ಎದೆಗೆ ನೇರವಾಗಿ ಬಂದು ನಿಂತಿತು. ಮೇಜಿನ ಸುತ್ತ ಹತ್ತು ಜನ. ಅವನು ಊಟ ಮುಗಿಸಿ, ಬಟ್ಟಲು ಮಗುಚಿ, ನಮಸ್ಕರಿಸಿ ಬಂದ. ಎರಡು ತಿಂಗಳಲ್ಲಿ ಲಿಯಾವ್ ಕಾರ್ಖಾನೆಯ ಹೊಸ ಮಾದರಿಯ ಲೇತು ಅಂಗಡಿಗೆ ಬಂತು. ಅದರ ಅಡ್ಡ ಸ್ಲೈಡಿನ ಕೆಳಗೆ ಎರಡು ಪಕ್ಕೆಲುಬುಗಳಿದ್ದವು, ಓರೆಯಾಗಿ.

ಆ ದಿನದಿಂದ ಅವನು ಮಾಡಿದ ಪ್ರತಿ ಉಪಕರಣದ ಹಿಂದೆಯೂ ಒಬ್ಬನೇ ಮನುಷ್ಯನಿದ್ದ. ಲಾರಿಯ ಸ್ಟೀರಿಂಗಿನ ಹಲ್ಲುಚಕ್ರಗಳಿಂದ ಡ್ರಿಲ್ಲಿಂಗ್ ಮಷೀನು ಕಟ್ಟಿದಾಗ ಅದರ ಹಿಡಿಯನ್ನು ಕೆಳಕ್ಕೆ ಎಳೆಯುವಾಗಲೆಲ್ಲ ಆ ಮನುಷ್ಯನ ನೆತ್ತಿ ಕಾಣುತ್ತಿತ್ತು. ಹಳೆಯ ಅರಗಳನ್ನು ಕಾಯಿಸಿ ಬಡಿದು ಹೆರೆಯುವ ಉಳಿ ಮಾಡಿಕೊಂಡ. ಸಾಣೆ ಹಿಡಿಯುವಾಗ ಆ ಮನುಷ್ಯನ ಹೆಸರನ್ನು ಹಲ್ಲಿನ ನಡುವೆ ಹೇಳಿಕೊಳ್ಳುತ್ತಿದ್ದ. ಅಕ್ಕಿ ಗಿರಣಿಯ ಸುಟ್ಟ ಮೋಟಾರಿಗೆ ತಂತಿ ಸುತ್ತಿದ. ಎಲ್ಲಕ್ಕೂ ಅವನೇ ನಕ್ಷೆ ಬರೆದ, ಈ ಸಲ ಹೆಂಡತಿಗೂ ತೋರಿಸದೆ. ತನ್ನದೇ ಲೇತು ತಯಾರಾಗಬೇಕು, ಲಿಯಾವ್ ಲೇತಿನ ಪಕ್ಕದಲ್ಲೇ ಅಂಗಡಿಯಲ್ಲಿ ನಿಲ್ಲಬೇಕು, ಅದಕ್ಕಿಂತ ನಿಖರವಾಗಿರಬೇಕು. ಅದಕ್ಕೆಲ್ಲ ತಳಪಾಯ ಈ ಮೂರು ಪ್ಲೇಟು.

ಈಗ ಆ ಮನುಷ್ಯ ಮುಂದಿನ ಕೋಣೆಯಲ್ಲಿ ಕೂತಿದ್ದಾನೆ.

ಶೆಡ್ಡಿನಿಂದ ಮನೆಗೆ ಹನ್ನೆರಡು ಹೆಜ್ಜೆ. ಅಷ್ಟರಲ್ಲಿ ಬೆಂಗ್‌ಹುಯಿ ಒಂದು ಮಾತು ಗಟ್ಟಿ ಮಾಡಿಕೊಂಡ. ಏನನ್ನು ಕೇಳಲು ಬಂದಿದ್ದರೂ ಸರಿ, ನಕ್ಷೆಯ ಬಗ್ಗೆ ಅವರು ತಾವಾಗಿ ಒಂದೇ ಒಂದು ಮಾತು ಆಡಿದರೆ, 'ಅದು ನಿನ್ನದಪ್ಪ' ಎಂದರೆ, ಈ ಹಗೆಯನ್ನು ಅಲ್ಲಿಗೆ ಮುಗಿಸಿಬಿಡುತ್ತೇನೆ.

ಮುಂದಿನ ಕೋಣೆಯ ತುಂಬ ಛತ್ರಿ ಕಡ್ಡಿಗಳು. ಚುನ್‌ತೋ ಮನೆಯಲ್ಲೇ ಕೂತು ಛತ್ರಿ ಕಾರ್ಖಾನೆಗೆ ಕಡ್ಡಿ ಜೋಡಿಸುತ್ತಿದ್ದಳು. ಅದಕ್ಕೆ ಬೇಕಾದ ಒತ್ತುಯಂತ್ರವನ್ನು ಬೆಂಗ್‌ಹುಯಿ ಸೈಕಲ್ ಬ್ರೇಕಿನ ಸನ್ನೆಕೋಲಿನಿಂದ ಮಾಡಿಕೊಟ್ಟಿದ್ದ. ಲಿಯಾವ್ ಯಜಮಾನರು ಕಡ್ಡಿಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು, ತಾವು ತಂದ ಸಿಹಿರೊಟ್ಟಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಏನಪ್ಪಾ ಆಹುಯಿ, ಮನೆ ತುಂಬ ಛತ್ರಿ! ಮಳೆ ಗುತ್ತಿಗೆ ಹಿಡಿದ್ಯಾ?" ಎಂದರು, ಕಾರ್ಖಾನೆಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರಿನಲ್ಲೇ.

"ಮಳೆ ನಮ್ಮ ಮನೆಯೊಳಗೇ ಸುರಿಯುತ್ತಲ್ಲ ಯಜಮಾನ್ರೇ," ಎಂದಳು ಚುನ್‌ತೋ. "ಗುತ್ತಿಗೆ ಬೇರೆ ಯಾಕೆ?"

"ನಿನ್ನ ಹೆಂಡ್ತಿ ನಾಲಿಗೆಗೆ ಸಾಣೆ ಹಿಡಿಯೋನೂ ನೀನೇ ಏನೋ?" ಯಜಮಾನರು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. "ನಮ್ಮ ಜಪಾನಿ ಪ್ಲೇಟು ಹೋಯ್ತು ಕಣೋ. ಸರಪಳಿ ಜಾರಿ ಬಿತ್ತು. ಮೂಲೆ ಮುರೀತು, ಮೈಯಲ್ಲಿ ಬಿರುಕು."

ಬೆಂಗ್‌ಹುಯಿ ಚಹಾ ಬಗ್ಗಿಸಿದ. ಹಿಂದೆ ಇಲ್ಲಿ ಆಳುತ್ತಿದ್ದ ಜಪಾನಿನವರು ಬಿಟ್ಟುಹೋದ ಆ ಪ್ಲೇಟು ಲಿಯಾವ್ ಕಾರ್ಖಾನೆಯ ದೇವರಂತಿತ್ತು. ಅಲ್ಲಿನ ಪ್ರತಿಯೊಂದು ನೇರವಾದ ವಸ್ತುವೂ ಅದರಿಂದಲೇ ನೇರ ಕಲಿತಿತ್ತು.

"ಗ್ರಾನೈಟಿಂದು ತರಿಸ್ಬಹುದಲ್ಲ?"

"ಅರ್ಧ ವರ್ಷ ಆಗುತ್ತೆ. ಲೇತು ಕೊಳ್ಳೋ ಒಸಾಕಾದೋರು ಆರನೇ ತಿಂಗಳಿಗೆ ಬಂದು ಪರೀಕ್ಷೆ ಮಾಡ್ತಾರೆ. ಹನ್ನೆರಡು ಲೇತು. ಒಪ್ಪಿದ್ರೆ ಮುಂದೆ ನೂರು." ಯಜಮಾನರು ಮುಂದಕ್ಕೆ ಬಾಗಿದರು. "ನೀನು ಮೂರು ಪ್ಲೇಟು ಎರಕ ಹೊಯ್ಸಿ ಹೆರೀತಾ ಇದೀಯಂತೆ. ಕೊಡು. ಏನು ಬೇಕೋ ಕೇಳು."

"ಯಾವ ಲೇತು ಯಜಮಾನ್ರೇ?"

"ಯಾವುದು ಅಂದ್ರೆ? ನಮ್ಮದೇ. ಹೊಸ ಮಾದರಿ."

"ಅಡ್ಡ ಸ್ಲೈಡಿನ ಕೆಳಗೆ ಎರಡು ಪಕ್ಕೆಲುಬು ಇದೆಯಲ್ಲ, ಅದಾ?"

"ಹೂಂ, ಅದೇ."

ಚುನ್‌ತೋಳ ಒತ್ತುಯಂತ್ರ ನಿಂತಿತು. ಬೆಂಗ್‌ಹುಯಿ ಕಾದ. ಯಜಮಾನರು ಚಹಾದ ಬಟ್ಟಲನ್ನು ಊದಿದರು.

"ಆ ಪಕ್ಕೆಲುಬು ಯಾರಿಗೆ ಹೊಳೀತು?"

"ಇದೇನೋ ಪ್ರಶ್ನೆ? ಲೇತು ಅಂದ್ಮೇಲೆ ಪಕ್ಕೆಲುಬು ಇರುತ್ತೆ. ಕೋಳಿಗೂ ಇರುತ್ತೆ."

ಅವರು ಆಡಿದ್ದು ಬರೀ ತಮಾಷೆಗೆ. ತಾವು ಏನು ಹೇಳಿದೆವೆಂಬ ಅರಿವೇ ಅವರಿಗಿರಲಿಲ್ಲ. ಬೆಂಗ್‌ಹುಯಿಗೆ ಅದೇ ಹೆಚ್ಚು ಚುಚ್ಚಿತು. ತನ್ನ ಇಷ್ಟು ದಿನದ ಉರಿಯಲ್ಲಿ ಒಂದು ಕಿಡಿಯೂ ಈ ಮನುಷ್ಯನಿಗೆ ತಾಗಿಲ್ಲ.

"ನಾನು ಕೊಟ್ಟಿದ್ದ ಕ್ಯಾಲೆಂಡರ್ ಹಾಳೆ?" ಎಂದು ಕೊನೆಯ ಸಲ ಕೇಳಿದ.

"ಯಾವ ಹಾಳೆ? ಓ, ಆ ರದ್ದಿನಾ? ಕಡಲೆಕಾಯಿ ಕಟ್ಟೋಕೆ ಹೋಗಿರುತ್ತೆ ಬಿಡು. ಪ್ಲೇಟಿನ ಮಾತು ಹೇಳು."

ಬೆಂಗ್‌ಹುಯಿ ಬಟ್ಟಲನ್ನು ಕೆಳಗಿಟ್ಟ. ಮೈಯೊಳಗೆ ಎಲ್ಲವೂ ತಣ್ಣಗೆ, ಹೆರೆದಷ್ಟು ನಯವಾಗಿ ಕೂತುಕೊಂಡಿತು.

"ಮೂರನೇದು ಇನ್ನೂ ಆಗಿಲ್ಲ," ಎಂದ. "ಒಂದು, ಎರಡು ಕೂತಿವೆ. ಬೇಕಾದ್ರೆ ನೋಡಿ."

ಶೆಡ್ಡಿಗೆ ಹೋಗುವಾಗ ಅವನು ಎರಡು ಹೆಜ್ಜೆ ಮುಂದಿದ್ದ. ಯಜಮಾನರು ಒಳಗೆ ಬರುವ ಮೊದಲು ಮೂರನೆಯದರ ಮೇಲೆ ಅಕ್ಕಿಯ ಖಾಲಿ ಚೀಲವೊಂದನ್ನು ಎಳೆದುಬಿಟ್ಟ. ಒಂದರ ಮೇಲೆ ನೀಲಿ ಬಳಿದು ಎರಡನ್ನು ಇಬ್ಬರೂ ಹಿಡಿದು ಇಳಿಸಿದರು, ಉಜ್ಜಿದರು, ಎತ್ತಿದರು. ಆಕಾಶದಲ್ಲಿ ನಕ್ಷತ್ರ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳು ಮೈತುಂಬ ಸಮನಾಗಿ ಹರಡಿದ್ದವು.

"ಅಬ್ಬಾ! ಹೇಗೆ ಕಚ್ಚಿಕೊಂಡಿದೆ ನೋಡು!" ಯಜಮಾನರ ಕಣ್ಣು ಅರಳಿತು. "ಎರಡು ಸಾಕು ಬಿಡೋ. ಮೂರನೇದೆಲ್ಲ ತಮ್ಮ ಕೈ ಮೇಲೆ ನಂಬಿಕೆ ಇಲ್ದೋರಿಗೆ."

"ಹೌದು ಯಜಮಾನ್ರೇ," ಎಂದ ಬೆಂಗ್‌ಹುಯಿ.

ಮರುದಿನ ಪ್ಲೇಟುಗಳನ್ನು ಒಯ್ಯಲು ಮೂರು ಚಕ್ರದ ಗಾಡಿಯೊಂದಿಗೆ ಬಂದವರು ಚಿಯಾಮ್ ಮೇಸ್ತ್ರಿ. ಲಿಯಾವ್ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಹೆರೆಯುತ್ತಿದ್ದ ಮುದುಕ. ಬೆಂಗ್‌ಹುಯಿಗೆ ಉಳಿ ಹಿಡಿಯಲು ಕಲಿಸಿದವರು ಅವರೇ. ಮೇಸ್ತ್ರಿ ಎಡಚ. ಅವರೆದುರು ನಿಂತು ಕಲಿತ ಬೆಂಗ್‌ಹುಯಿಯ ಉಳಿಯ ಗುರುತುಗಳೂ ಎಡಕ್ಕೇ ವಾಲುತ್ತಿದ್ದವು. ಬಲಗೈಯವನಾಗಿಯೂ ಎಡಕ್ಕೆ ವಾಲಿದ ಅರ್ಧಚಂದ್ರದಂಥ ಗುರುತು ಬಿಡುವವನು ಊರಿನಲ್ಲಿ ಅವನೊಬ್ಬನೇ.

ಗಾಡಿ ನಿಲ್ಲಿಸುವ ಮೊದಲೇ ಮುದುಕನಿಗೆ ಜೋರು ಬಾಯಿ. "ಲೋ ಆಹುಯಿ, ಮನೆಗೆ ಬಂದೋರಿಗೆ ಚಹಾ ಕೊಡೋ ಪದ್ಧತಿ ಇದೆಯೋ, ಅದನ್ನೂ ಹೆರೆದು ಬಿಸಾಕಿದ್ಯೋ?"

"ಕೊಡ್ತೀನಿ ಬನ್ನಿ ಮೇಸ್ತ್ರಿ."

ಮುದುಕ ಒಳಗೆ ಬಂದು ಒಂದನೆಯ ಪ್ಲೇಟಿನ ಮೇಲೆ ಅಂಗೈ ಆಡಿಸಿದರು. ಬೆಳಕಿಗೆ ಓರೆಯಾಗಿ ಬಾಗಿ ಅರ್ಧಚಂದ್ರಗಳನ್ನು ನೋಡಿದರು. ಮುಖದಲ್ಲಿ ಏನೋ ಮೆತ್ತಗಾಯಿತು.

"ನನ್ನ ಕೈಯೇ," ಎಂದರು. ಆಮೇಲೆ ಮಾಮೂಲಿನಂತೆ ಕೇಳಿದರು: "ಮೂರನೇದು ಏನು ಹೇಳ್ತು?"

ಮೂರನೆಯದು ಮೂರು ಹೆಜ್ಜೆ ಆಚೆ, ಅಕ್ಕಿಯ ಚೀಲದ ಕೆಳಗಿತ್ತು. ಚೀಲದ ಒಂದು ಮೂಲೆ ಹಿಡಿದು ಎಳೆದರೆ ಸಾಕಾಗಿತ್ತು. ಮಾತೂ ಬೇಕಿರಲಿಲ್ಲ. ಮೇಸ್ತ್ರಿಯ ಕಣ್ಣಿಗೆ ಮೂಲೆಯ ನಾಲ್ಕು ನೀಲಿ ಮಚ್ಚೆ ಕಂಡರೆ ಉಳಿದದ್ದು ಅವರಿಗೇ ತಿಳಿಯುತ್ತಿತ್ತು.

ಕೋಳಿಯ ದಿನ ಆ ಮೇಜಿನ ಸುತ್ತ ಇದ್ದ ಹತ್ತು ಜನರಲ್ಲಿ ಚಾಪ್‌ಸ್ಟಿಕ್ ಕೆಳಗಿಟ್ಟು ಕೋಳಿಯನ್ನು ಮುಟ್ಟದೆ ಕೂತವರು ಇವರೊಬ್ಬರೇ. ಅದು ಬೆಂಗ್‌ಹುಯಿಗೆ ನೆನಪಾಯಿತು. ಅದರ ಹಿಂದೆಯೇ ಇನ್ನೊಂದೂ ನೆನಪಾಯಿತು: ಮುಟ್ಟದೆ ಕೂತರು, ನಿಜ. ಎದ್ದು ಬರಲಿಲ್ಲವಲ್ಲ. ಮರುದಿನ ಅದೇ ಬಾಗಿಲಿಗೆ ಕೆಲಸಕ್ಕೆ ಹೋದರಲ್ಲ. ತನ್ನ ನಕ್ಷೆಯ ಲೇತುಗಳನ್ನು ಇದೇ ಕೈ ಹೆರೆಯಿತಲ್ಲ.

"ಇನ್ನೂ ಹೆರೀತಾ ಇದೀನಿ ಮೇಸ್ತ್ರಿ," ಎಂದ.

"ಈ ಎರಡು?"

"ಕೂತಿವೆಯಲ್ಲ. ಉಜ್ಜಿ ನೋಡಿ."

ಮುದುಕ ಕೈ ಬೀಸಿದರು. "ನಿನ್ನ ಕೈ ನಂಗೆ ಗೊತ್ತಿಲ್ವೇನೋ? ಬೇರೆ ಯಾವನದ್ದಾದ್ರೂ ಆಗಿದ್ರೆ ಇಲ್ಲೇ ಕೂತು ಮೂರನೇದನ್ನೂ ಉಜ್ಜಿಸಿಯೇ ಹೋಗ್ತಿದ್ದೆ. ನಿನ್ನದಕ್ಕೆ ಅದೆಲ್ಲ ಯಾಕೆ? ಎತ್ತು, ಎತ್ತು, ಬೆನ್ನು ನಿಂದು, ಬೈಗುಳ ನಂದು."

ಇಬ್ಬರೂ ಸೇರಿ ಪ್ಲೇಟುಗಳನ್ನು ಗಾಡಿಗೆ ಹೇರಿದರು. ನಡುವೆ ಕಂಬಳಿ ಹಾಸಿದ್ದು ಮೇಸ್ತ್ರಿಯೇ, ಗೀರು ಬೀಳದಿರಲೆಂದು. ಗಾಡಿ ಭತ್ತದ ಗದ್ದೆಯ ಅಂಚಿನ ರಸ್ತೆಯಲ್ಲಿ ತಿರುಗಿ ಮರೆಯಾಗುವವರೆಗೂ ಬೆಂಗ್‌ಹುಯಿ ನೋಡುತ್ತಿದ್ದ. ಕೂಗಿದರೆ ಕೇಳಿಸುವಷ್ಟು ಹತ್ತಿರ ಗಾಡಿ ಬಹಳ ಹೊತ್ತು ಇತ್ತು.

"ಎರಡು ಕೊಟ್ಟು ಒಂದನ್ನ ಯಾಕೆ ಹೊದಿಸಿ ಮಲಗಿಸಿದೀರಿ?" ಎಂದು ಚುನ್‌ತೋ ಕೇಳಿದಳು.

"ಅದಕ್ಕೆ ನೆಗಡಿ."

ಅವಳು ಅವನ ಮುಖವನ್ನು ನೋಡಿ, ಛತ್ರಿ ಕಡ್ಡಿಗಳ ಕಡೆಗೆ ಹೋದಳು.

ಆ ನಾಲ್ಕು ತಿಂಗಳು ಬೆಂಗ್‌ಹುಯಿಯ ಬದುಕಿನ ಅತಿ ಸುಖದ ದಿನಗಳು ಎಂದರೆ ತಪ್ಪಿಲ್ಲ. ತನ್ನ ಕೆಲಸ ನಿಂತಿತ್ತು. ಒಂಟಿಯಾದ ಮೂರನೆಯ ಪ್ಲೇಟನ್ನು ಇಟ್ಟುಕೊಂಡು ಅವನು ಏನನ್ನೂ ಮಾಡುವಂತಿರಲಿಲ್ಲ. ಇನ್ನೆರಡು ಎರಕ ಹೊಯ್ಯಿಸಿ ಮತ್ತೆ ಕೋಳಿಗೂಡಿನ ಹಿಂದೆ ನೆನೆಯಲು ಬಿಟ್ಟ. ಆದರೂ ಬೆಳಿಗ್ಗೆ ಏಳುವಾಗ ಮೈ ಹಗುರ. ಲಿಯಾವ್ ಕಾರ್ಖಾನೆಯಲ್ಲಿ ಈಗ ಎರಡನೆಯ ಪ್ಲೇಟಿಗೆ ಉಜ್ಜಿ ನೇರ ನೋಡುವ ಉದ್ದ ಪಟ್ಟಿಯನ್ನು ಹೆರೆಯುತ್ತಿರುತ್ತಾರೆ. ಪಟ್ಟಿಗೆ ಉಜ್ಜಿ ಲೇತಿನ ಬೆಡ್ಡನ್ನು, ಅಂದರೆ ಅದರ ಉದ್ದನೆಯ ತಳವನ್ನು, ಹೆರೆಯುತ್ತಿರುತ್ತಾರೆ. ಬೆಡ್ಡಿನಿಂದ ಸ್ಲೈಡಿಗೆ. ತನ್ನ ಸುಳ್ಳು ಒಂದರಿಂದ ಒಂದಕ್ಕೆ ಸದ್ದಿಲ್ಲದೆ ಇಳಿಯುತ್ತಿದೆ. ಅದನ್ನು ಯೋಚಿಸುತ್ತ ಅವನು ಅನ್ನ ಎರಡನೇ ಬಾರಿ ಹಾಕಿಸಿಕೊಳ್ಳುತ್ತಿದ್ದ.

ಒಮ್ಮೆ ಸಂತೆಯಲ್ಲಿ ಮೇಸ್ತ್ರಿ ಸಿಕ್ಕರು. ಎಡ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು.

"ಏಳು ಬೆಡ್ಡು ಮುಗೀತು ಕಣೋ. ಇನ್ನೈದು. ಯಜಮಾನ್ರು ಹುಡುಗರ ಕೈಗೆ ಕೊಡೋಲ್ಲ, ಎಲ್ಲ ನಾನೇ ಆಗ್ಬೇಕಂತೆ. ಈ ಸೊಂಟ ನೋಡು, ಸೋರೆಕಾಯಿ ಥರ ಊದಿದೆ. ನನ್ನ ಹೆಂಡ್ತಿ ಬದುಕಿದ್ದಿದ್ರೆ ಹಾಸಿಗೆಯಿಂದ ಓಡಿಸ್ತಿದ್ಲು."

"ಸ್ವಲ್ಪ ಸುಧಾರಿಸ್ಕೊಳ್ಳಿ ಮೇಸ್ತ್ರಿ."

"ಇದೇ ಕೊನೇ ದೊಡ್ಡ ಕೆಲಸ. ಚೆನ್ನಾಗಿ ಮುಗಿಸಿ ಕೂತ್ಕೊಂಡುಬಿಡ್ತೀನಿ."

ಮುದುಕನ ಚೀಲದಲ್ಲಿ ಎರಡು ಮೂಲಂಗಿ, ಒಂದು ಮೀನು. ಬೆಂಗ್‌ಹುಯಿ ಆ ಮೀನನ್ನೇ ನೋಡುತ್ತಿದ್ದ. ಏಳು ಎಂದರೆ ಇನ್ನೂ ಐದು ಉಳಿದಿವೆ. ಈಗ ಹೇಳಿದರೂ ಆ ಐದು ಕೆಡದೆ ಉಳಿಯುತ್ತವೆ, ಏಳನ್ನು ಸರಿ ಮಾಡಬಹುದು. ನಾಲಿಗೆಯ ತುದಿಯವರೆಗೆ ಏನೋ ಬಂತು. ಅಷ್ಟರಲ್ಲಿ 'ಕೋಳಿಗೂ ಇರುತ್ತೆ' ಎಂಬ ದನಿ ಕಿವಿಯಲ್ಲಿ ನಕ್ಕಿತು. ಅವನು ಮೀನು ತಾಜಾ ಇದೆಯೆಂದು ಹೇಳಿ ಬಂದ.

ಪರೀಕ್ಷೆಯ ದಿನ ಅವನಿಗೆ ಶೆಡ್ಡಿನಲ್ಲಿ ಇರಲಾಗಲಿಲ್ಲ. ಲಿಯಾವ್ ಕಾರ್ಖಾನೆಯ ಎದುರು ರಸ್ತೆಯ ಆಚೆಗೆ ನೂಡಲ್ಸಿನ ಅಂಗಡಿ. ಅಲ್ಲಿ ಸೈಕಲ್ಲನ್ನು ಮಗುಚಿಟ್ಟು ಸರಪಳಿ ಸರಿಮಾಡುವವನಂತೆ ಕೂತ. ತೆರೆದ ಬಾಗಿಲಿನೊಳಗೆ ಎಲ್ಲ ಕಾಣುತ್ತಿತ್ತು. ಒಸಾಕಾದಿಂದ ಬಂದವನು ಸಣ್ಣ ಮೈಯ ಮನುಷ್ಯ, ಬಿಳಿ ಕೈಚೀಲ. ತಾನೇ ತಂದಿದ್ದ ಉಕ್ಕಿನ ಸರಳನ್ನು ಲೇತಿಗೆ ಕಚ್ಚಿಸಿ ಒಂದು ಪದರ ತೆಗೆಸಿದ. ಈ ತುದಿ ಅಳೆದ, ಆ ತುದಿ ಅಳೆದ, ನಡುವೆ ಅಳೆದ. ನಡುವೆ ಮತ್ತೊಮ್ಮೆ ಅಳೆದ. ಪುಸ್ತಕದಲ್ಲಿ ಬರೆದುಕೊಂಡ. ಎರಡನೆಯ ಲೇತಿಗೆ ಹೋದ. ಐದನೆಯದರ ಹೊತ್ತಿಗೆ ಅವನು ಬರೆಯುವುದನ್ನೂ ಬಿಟ್ಟ. ಪ್ರತಿಯೊಂದು ಸರಳೂ ನಡುವೆ ಕೂದಲೆಳೆಯಷ್ಟು ಹೊಟ್ಟೆ ಬಿಟ್ಟಿದೆಯೆಂದು ಬೆಂಗ್‌ಹುಯಿಗೆ ಅಳೆಯದೆಯೂ ಗೊತ್ತಿತ್ತು.

ಕಾರು ಹೊರಡುವಾಗ ಲಿಯಾವ್ ಯಜಮಾನರು ರಸ್ತೆಯವರೆಗೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಾರು ಹೋದ ಮೇಲೂ ತಲೆ ಎತ್ತಲಿಲ್ಲ. ಆ ಬಗ್ಗಿದ ಕತ್ತನ್ನು ಬೆಂಗ್‌ಹುಯಿ ಕಣ್ತುಂಬ ನೋಡಿದ. ಎರಡು ಬಟ್ಟಲು ನೂಡಲ್ಸು ತರಿಸಿಕೊಂಡು ಖಾರ ಹಾಕಿ ಸುರಿದುಕೊಂಡ. ಬೆವರು ಮೂಗಿನ ತುದಿಯಿಂದ ಬಟ್ಟಲಿಗೆ ಬೀಳುತ್ತಿತ್ತು. ಜೀವನದಲ್ಲಿ ಅಷ್ಟು ರುಚಿಯಾದದ್ದನ್ನು ಅವನು ತಿಂದಿರಲಿಲ್ಲ. ಬಾಗಿಲಿನೊಳಗೆ, ಹನ್ನೆರಡು ಲೇತುಗಳ ಹಿಂದೆ, ಗೋಡೆಗೆ ಒರಗಿ ನಿಂತಿದ್ದ ಮುದುಕನನ್ನು ಅವನು ನೋಡಲಿಲ್ಲವೆಂದಲ್ಲ. ನೋಡಿ, ಬಟ್ಟಲಿನ ಕಡೆಗೆ ತಿರುಗಿದ.

ಲಿಯಾವ್ ಕಾರ್ಖಾನೆ ಮುಚ್ಚುತ್ತದೆಂದು ಅವನು ಕಾದ. ಮುಚ್ಚಲಿಲ್ಲ. ತೈಚುಂಗ್ ನಗರದ ಯಾರೋ ನೆಂಟರ ಮೂಲಕ ಗ್ರಾನೈಟ್ ಪ್ಲೇಟು ಬೇಗನೆ ಬಂತು. ಬೆಡ್ಡುಗಳನ್ನು ಮತ್ತೆ ಹೆರೆಸಿದರು, ತಡವಾಗಿ ಕಳಿಸಿದರು, ಒಸಾಕಾದವರು ಗೊಣಗಿ ಒಪ್ಪಿದರು. ಚಳಿಗಾಲದ ಹೊತ್ತಿಗೆ ಕಾರ್ಖಾನೆಗೆ ಎರಡನೆಯ ಅಂತಸ್ತು ಏಳುತ್ತಿತ್ತು. ತಪ್ಪು ಎಲ್ಲಾಯಿತೆಂದು ಕೇಳಿದವರಿಗೆ ಯಜಮಾನರು ಕೊಡುತ್ತಿದ್ದ ಉತ್ತರ ಬೆಂಗ್‌ಹುಯಿಯ ಕಿವಿಗೂ ಬಿತ್ತು: "ಮುದುಕನ ಕಣ್ಣು ಮಂಜಾಗಿತ್ತು. ನಾನು ಗಮನಿಸಲಿಲ್ಲ. ನಂದೇ ತಪ್ಪು."

ವರ್ಷದ ಕೊನೆಯ ಔತಣ ಕಳೆದ ಮೂರನೆಯ ಬೆಳಿಗ್ಗೆ ಚಿಯಾಮ್ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಹೆಗಲಲ್ಲಿ ಒಂದು ಬಟ್ಟೆಯ ಗಂಟು. ಅವರ ಉಳಿಗಳು.

"ಈ ಸಲ ಕೋಳಿ ನನ್ನ ನೋಡ್ತು ಕಣೋ," ಎಂದರು. "ನಾನೂ ಅದನ್ನ ನೋಡ್ದೆ. ಪಾಪ, ಅದರ ಕಣ್ಣೂ ಮಂಜು."

ಚುನ್‌ತೋ ಸ್ಟೂಲು ತಂದಿಟ್ಟಳು. ಕೋಳಿಯ ತಲೆ ತಿರುಗಬೇಕೆಂದು ಬೆಂಗ್‌ಹುಯಿ ಬಯಸಿದ್ದು ಮೇಜಿನ ಆ ತುದಿಗೆ, ಯಜಮಾನರ ಕಡೆಗೆ.

ಮುದುಕ ಕೂತು ಗಂಟು ಬಿಚ್ಚಿದರು. ಉಳಿಗಳ ಕೆಳಗಿನಿಂದ ದಾರ ಕಟ್ಟಿದ ಕಾಗದದ ಕಟ್ಟೊಂದನ್ನು ತೆಗೆದು ಮುಂದೆ ಹಿಡಿದರು. ತೆಳು ಹಾಳೆಗಳು. ಮೇಲಿನ ಹಾಳೆಯಲ್ಲಿ ದಪ್ಪ ಅಂಕಿ, ಅದರ ಕೆಳಗೆ ಆ ದಿನ ಬಾವಿ ತೋಡಬಾರದೆಂಬ ಸೂಚನೆ.

"ಖಾನೆಯೊಳಗೇ ಇತ್ತು. ಕಡಲೆಕಾಯಿ ಕಟ್ಟೋಕೆ ಹೋಯ್ತು ಅಂತಿದ್ರು ಯಜಮಾನ್ರು, ಎಲ್ಲೂ ಹೋಗಿಲ್ಲ. ಮೂವತ್ತು ವರ್ಷದಲ್ಲಿ ಆ ಕಾರ್ಖಾನೆಯಿಂದ ಒಂದು ನಟ್ಟೂ ಮನೆಗೆ ತಂದೋನಲ್ಲ ನಾನು. ಹೊರಡೋ ದಿನ ಇದೊಂದನ್ನ ಕದ್ದೆ. ಅವತ್ತೇ ಎದ್ದು ನಿಂತು ಕೇಳ್ಬೇಕಾಗಿತ್ತು, ನಿನ್ನ ಪರವಾಗಿ. ಹೊಟ್ಟೆಪಾಡು ಕಣೋ. ಕೇಳ್ಲಿಲ್ಲ."

ಬೆಂಗ್‌ಹುಯಿ ಕಟ್ಟನ್ನು ತೆಗೆದುಕೊಂಡ. ದಾರದ ಗಂಟು ತಾನೇ ಹಾಕಿದ್ದು. ಅದನ್ನು ಬಿಚ್ಚಲು ಉಗುರು ಹಿಡಿಯಲಿಲ್ಲ.

ಮುದುಕನ ಕಣ್ಣು ಗೋಡೆಯ ಕಡೆ ಹೋಯಿತು. ಅಕ್ಕಿಯ ಚೀಲ ಹೊದ್ದ ಪ್ಲೇಟು ಅಲ್ಲೇ ಇತ್ತು. ಎದ್ದು ಹೋಗಿ ಅವರೇ ಚೀಲ ಸರಿಸಿದರು. ವರ್ಷದ ಹಿಂದಿನ ನೀಲಿ ನಾಲ್ಕು ಮೂಲೆಯಲ್ಲಿ ಒಣಗಿ ಕಪ್ಪಾಗಿತ್ತು. ಅದರ ಮೇಲೆ ಅವರು ಬೆರಳು ಆಡಿಸಿದರು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ನಿಧಾನವಾಗಿ.

"ಇದು ಮುಗೀಲೇ ಇಲ್ವಾ?"

"ಇಲ್ಲ ಮೇಸ್ತ್ರಿ."

"ಹೂಂ." ಅವರು ಬೆರಳನ್ನು ಅಂಗಿಗೆ ಒರೆಸಿಕೊಂಡರು. "ಆ ಎರಡನ್ನ ನಾನೇ ಕೆಡಿಸ್ದೆ ಅನ್ಸುತ್ತೆ. ಉದ್ದ ಪಟ್ಟಿ ಉಜ್ಜಿ ಉಜ್ಜಿ ನಡುವೆ ಸವೆಸಿಬಿಟ್ಟೆ. ದಿನಾ ಒಂದೇ ಜಾಗದಲ್ಲಿ ಉಜ್ಜಿದ್ರೆ ಸವೆಯಲ್ವಾ? ಎಷ್ಟು ಯೋಚಿಸಿದ್ರೂ ಇದೇ ಬರುತ್ತೆ. ನೀನು ಕೊಟ್ಟಾಗ ಸರಿಯಾಗಿದ್ವಲ್ಲ."

ಅವರು ಕೇಳಿದ್ದೋ, ಹೇಳಿದ್ದೋ ಗೊತ್ತಾಗಲಿಲ್ಲ. ಹೇಳಿದ ಮೇಲೆ ಅವನ ಮುಖವನ್ನು ನೋಡಲಿಲ್ಲ. ಗಂಟಿನಿಂದ ಒಂದು ಉಳಿ ಆರಿಸಿ ಅದರ ಅಂಚನ್ನು ಉಗುರಿನ ಮೇಲೆ ಪರೀಕ್ಷಿಸುತ್ತ ನಿಂತರು.

"ಕೋಳಿಗೂಡಿನ ಹಿಂದೆ ಇನ್ನೆರಡು ನೆನೆಯೋಕೆ ಬಿಟ್ಟಿದೀನಿ," ಎಂದ ಬೆಂಗ್‌ಹುಯಿ ಕೊನೆಗೆ. "ತೆಗೀಬಹುದು."

"ತೆಗಿ ಮತ್ತೆ. ಬೆನ್ನು ನಿಂದು, ಬೈಗುಳ ನಂದು."

ಮೂರು ಪ್ಲೇಟುಗಳು ಆ ವಸಂತಕ್ಕೆ ಮುಗಿದವು. ಮೂರಕ್ಕೆ ಮೂರೂ ಒಂದನ್ನೊಂದು ಒಪ್ಪಿದವು. ಕ್ಯಾಲೆಂಡರ್ ಹಾಳೆಗಳ ಲೇತು ಆಮೇಲೆ ಎರಡು ವರ್ಷಕ್ಕೆ ತಯಾರಾಗಿ ಲಿಯಾವ್ ಲೇತಿನ ಪಕ್ಕದಲ್ಲಿ ಅಂಗಡಿಯಲ್ಲಿ ನಿಂತಿತು. ಹೆಚ್ಚು ನಿಖರವಾಗಿತ್ತು, ಕಡಿಮೆ ಮಾರಾಟವಾಯಿತು. ರಸ್ತೆಯಲ್ಲಿ ಎದುರಾದಾಗ ಲಿಯಾವ್ ಯಜಮಾನರು ಕೈ ಎತ್ತಿ, "ಏನೋ ಆಹುಯಿ, ಹೇಗಿದೀಯ?" ಎನ್ನುತ್ತಿದ್ದರು. ಬೆಂಗ್‌ಹುಯಿ ಆ ಮನುಷ್ಯನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ವರ್ಷದ ಕೊನೆಯ ಔತಣದಲ್ಲಿ ಮಾತ್ರ ಅವನ ಮನೆಯಲ್ಲಿ ಕೋಳಿ ಬೇಯಿಸುತ್ತಿರಲಿಲ್ಲ, ಮೀನು.

ಚಿಯಾಮ್ ಮೇಸ್ತ್ರಿ ಆ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದರು. ಸಾಯುವ ಹಿಂದಿನ ವಾರದವರೆಗೂ, ಹೊಸದಾಗಿ ಯಾರು ಕಲಿಯಲು ಬಂದರೂ, ಒಂದೇ ಜಾಗದಲ್ಲಿ ಉಜ್ಜಿದರೆ ಎಂಥ ಪ್ಲೇಟೂ ಸವೆಯುತ್ತದೆಂದು, ತಾವು ಹಾಗೆ ಎರಡು ಒಳ್ಳೆಯ ಪ್ಲೇಟುಗಳನ್ನು ಕೆಡಿಸಿದ್ದೇವೆಂದು, ಹನ್ನೆರಡು ಲೇತುಗಳ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಪಕ್ಕದಲ್ಲೇ ಹೆರೆಯುತ್ತಿದ್ದ ಬೆಂಗ್‌ಹುಯಿ ಆ ಕಥೆಯನ್ನು ಪ್ರತಿ ಸಲವೂ ಪೂರ್ತಿ ಕೇಳುತ್ತಿದ್ದ.

ಆ ಎರಡು ಪ್ಲೇಟುಗಳು ತನ್ನ ಬಾಗಿಲು ದಾಟಿದ ದಿನವೇ ತಪ್ಪಾಗಿದ್ದವೆಂದೂ, ಅದು ತನಗೆ ಗೊತ್ತಿತ್ತೆಂದೂ ಅವನು ಅವರಿಗೆ ಎಂದೂ ಹೇಳಲಿಲ್ಲ.